ಸಂಕಲ್ಪಶುದ್ಧಿಯೂ ಕೃತ್ಯದ ಹೊಣೆಯೂ

ಸದುದ್ದೇಶದಿಂದ ಮಾಡಿದ ದುಷ್ಕೃತ್ಯವನ್ನು ಏನೆಂದು ಕರೆಯಬೇಕು? ಇದು ಬಹು ಹಳೆಯ ಪ್ರಶ್ನೆ. ಚೇತನೆಯೇ ಕರ್ಮ, ಮನಸ್ಸಿನಲ್ಲಿ ಏನಿತ್ತೋ ಅದಕ್ಕೆ ತಕ್ಕಂತೆಯೇ ಫಲ ಎಂದು ಬೌದ್ಧರು ಹೇಳಿದರು. ಮನಸ್ಸಿನಲ್ಲಿ ಏನೇ ಇರಲಿ, ಕಾಲಡಿಯಲ್ಲಿ ಇರುವೆ ಸತ್ತರೆ ಸತ್ತಂತೆಯೇ, ಅದರ ಹೊಣೆ ತಪ್ಪದು ಎಂದು ಜೈನರು ಉತ್ತರ ಕೊಟ್ಟರು. ಪಶ್ಚಿಮದಲ್ಲಿ ಕಾಂಟನು 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ, ಯಾವ ಷರತ್ತೂ ಇಲ್ಲದೆ ಒಳ್ಳೆಯದೆನ್ನಬಹುದಾದದ್ದು ಸತ್ಸಂಕಲ್ಪವೊಂದೇ ಎಂಬ ತತ್ತ್ವವನ್ನು ಸ್ಥಾಪಿಸಿದನು. ಅದೇ ಗ್ರಂಥದಲ್ಲಿ, ಮನುಷ್ಯನನ್ನು ಬರಿಯ ಸಾಧನವನ್ನಾಗಿ ಬಳಸಕೂಡದೆಂಬ ಕಟ್ಟನ್ನೂ ಹಾಕಿದನು. ಈ ಎರಡರ ನಡುವೆ, ಅಂದರೆ ಮನಸ್ಸಿನ ಒಳ್ಳೆಯತನಕ್ಕೂ ಎದುರಿಗಿರುವ ಮನುಷ್ಯನಿಗೆ ನಾವು ತೋರಬೇಕಾದ ಗೌರವಕ್ಕೂ ನಡುವೆ, ಒಂದು ಇಕ್ಕಟ್ಟಾದ ಹಾದಿಯಿದೆ. ಅನೇಕ ಸಜ್ಜನರು ಜಾರಿ ಬಿದ್ದಿರುವುದು ಆ ಹಾದಿಯಲ್ಲಿಯೇ.

ಈ ತಿಂಗಳು ಆ ಪ್ರಶ್ನೆಯನ್ನು ವಾಚಕರು ನಿರೀಕ್ಷಿಸಿರಲಾರದ ಒಂದು ಕಡೆಯಿಂದ ಎತ್ತಿಕೊಳ್ಳಬೇಕಾಗಿದೆ. ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಶಿಷ್ಯರೊಬ್ಬರು ದರ್ಶನಕ್ಕೆ ಬಂದಾಗ, “ಬುದ್ಧಿ, ನಾನು ಆಡುವ ಒಂದು ವೀಡಿಯೋ ಆಟದಲ್ಲಿ ಒಂಬತ್ತು ಮಂದಿ ದುಷ್ಟರನ್ನು ಕೊಲ್ಲಬೇಕು. ಸಾಯುವಾಗ ಅವರು ಆಡುವ ಮಾತನ್ನು ಕೇಳಿದರೆ ದುಷ್ಟರು ಅವರೋ ನಾನೋ ತಿಳಿಯದು” ಎಂದರು. ವೀಡಿಯೋ ಆಟವೆಂದೊಡನೆ ಮುಖ ತಿರುಗಿಸುವ ಹಿರಿಯರು ನಮ್ಮ ಭಕ್ತಸಮುದಾಯದಲ್ಲಿ ಅನೇಕರಿದ್ದಾರೆ. ಅವರ ಆತಂಕ ನಿರಾಧಾರವಾದುದಲ್ಲ. ಆದರೆ ಪ್ರಶ್ನೆ ಯಾವ ಕಡೆಯಿಂದ ಬಂದರೂ ಪ್ರಶ್ನೆಯೇ. ಶಿಷ್ಯರು ನಾಲ್ಕಾರು ಸಂಜೆ ನಮ್ಮೆದುರಿಗೇ ಆ ಆಟವನ್ನು ಆಡಿ ತೋರಿಸಿದರು. ನೋಡಿದ ಮೇಲೆ, ಇದರ ಬಗ್ಗೆ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ತೋರಿತು.

ಆಟದ ಹೆಸರು ‘ಅಸ್ಯಾಸಿನ್ಸ್ ಕ್ರೀಡ್’. ‘ಹಂತಕರ ವ್ರತ’ ಎಂದು ಕನ್ನಡಿಸಬಹುದು. ಯೂಬಿಸಾಫ್ಟ್ ಎಂಬ ಸಂಸ್ಥೆಯ ಮಾಂಟ್ರಿಯಲ್ ಶಾಖೆಯವರು ಇದನ್ನು 2007ರಲ್ಲಿ ಹೊರತಂದರು. ಕಥೆ ನಡೆಯುವುದು 1191ರಲ್ಲಿ, ಮೂರನೆಯ ಕ್ರೂಸೇಡಿನ ಕಾಲದಲ್ಲಿ. ಇಂಗ್ಲೆಂಡಿನ ರಿಚರ್ಡ್ ದೊರೆಯೂ ಸುಲ್ತಾನ ಸಲಾದಿನನೂ ಪುಣ್ಯಭೂಮಿಗಾಗಿ ಹೋರಾಡುತ್ತಿರುವಾಗ, ಸಿರಿಯಾದ ಮಸ್ಯಾಫ್ ಕೋಟೆಯಲ್ಲಿ ನೆಲೆಸಿದ ಹಂತಕರ ಪಂಗಡವೊಂದು ಎರಡೂ ಪಕ್ಷದ ಪ್ರಬಲರನ್ನು ಒಬ್ಬೊಬ್ಬರನ್ನಾಗಿ ಕೊಲ್ಲಿಸುತ್ತದೆ. ಪಂಗಡದ ಗುರುವಿನ ಹೆಸರು ಅಲ್ ಮುಅಲಿಮ್. ಅರಬ್ಬಿಯಲ್ಲಿ ಅದರ ಅರ್ಥವೇ ‘ಉಪಾಧ್ಯಾಯ’. ಶಿಷ್ಯನ ಹೆಸರು ಅಲ್ತಾಯಿರ್. ಆಟವಾಡುವವನು ಈ ಅಲ್ತಾಯಿರನ ದೇಹದೊಳಗೆ ಹೊಕ್ಕು ನಡೆಯುತ್ತಾನೆ. ಡಮಾಸ್ಕಸ್, ಏಕರ್, ಜೆರುಸಲೇಮ್ ಎಂಬ ಮೂರು ಪಟ್ಟಣಗಳಲ್ಲಿ ಜನಜಂಗುಳಿಯ ನಡುವೆ ಸುಳಿದಾಡಿ, ಮಾಳಿಗೆಗಳನ್ನು ಏರಿ ಇಳಿದು, ಕದ್ದು ಕೇಳಿ, ಜೇಬು ಕತ್ತರಿಸಿ, ಸುಳಿವು ಸಂಗ್ರಹಿಸಿ, ಕೊನೆಗೆ ಕೈತೋಳಿನಲ್ಲಿ ಅಡಗಿಸಿಟ್ಟ ಅಲಗಿನಿಂದ ಇರಿಯುತ್ತಾನೆ. ಒಂದು ಗರಿಯನ್ನು ಸತ್ತವನ ರಕ್ತದಲ್ಲಿ ಅದ್ದಿ ಗುರುವಿಗೆ ತಂದೊಪ್ಪಿಸುತ್ತಾನೆ.

ಇತಿಹಾಸದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಹಂತಕರೆಂದು ಕರೆಯಲ್ಪಟ್ಟವರು ನಿಜಾರಿ ಇಸ್ಮಾಯಿಲಿ ಪಂಥದವರು. ಹಸನ್ ಸಬ್ಬಾಹನು 1090ರಲ್ಲಿ ಇರಾನಿನ ಅಲಾಮುತ್ ಕೋಟೆಯನ್ನು ಹಿಡಿದಂದಿನಿಂದ ಅವರ ಹೆಸರು ದೂರದೂರಕ್ಕೆ ಹಬ್ಬಿತು. ಅವರು ಮಾದಕದ್ರವ್ಯ ಸೇವಿಸಿ ಕೊಲ್ಲುತ್ತಿದ್ದರೆಂಬ ಕಥೆಯನ್ನು ಹಬ್ಬಿಸಿದವರು ಅವರ ವಿರೋಧಿಗಳು ಮತ್ತು ದೂರದ ಪ್ರವಾಸಿಗಳು. ಇಂದು ಆಗಾಖಾನರ ಅನುಯಾಯಿಗಳಾದ ಆ ಸಮುದಾಯದವರು ಅನೇಕ ದೇಶಗಳಲ್ಲಿ ಶಾಲೆ ಆಸ್ಪತ್ರೆಗಳನ್ನು ನಡೆಸುತ್ತ ಶಾಂತಿಯಿಂದ ಬಾಳುತ್ತಿದ್ದಾರೆ. ಸ್ಲೊವೇನಿಯಾದ ವ್ಲಾದಿಮಿರ್ ಬಾರ್ತೋಲನು 1938ರಲ್ಲಿ ‘ಅಲಾಮುತ್’ ಎಂಬ ಕಾದಂಬರಿಯನ್ನು ಬರೆದನು. ಆಟ ಹೆಚ್ಚು ಋಣಿಯಾಗಿರುವುದು ಇತಿಹಾಸಕ್ಕಿಂತ ಆ ಕಾದಂಬರಿಗೆ.

ಅಲ್ತಾಯಿರನು ಏಕೆ ಕೊಲ್ಲುತ್ತಾನೆಂಬುದನ್ನು ಮೊದಲು ನೋಡೋಣ. ಪಂಗಡಕ್ಕೆ ಮೂರು ನಿಯಮಗಳುಂಟು: ನಿರಪರಾಧಿಯ ಮೇಲೆ ಅಲಗು ಎತ್ತಬಾರದು, ಜನರ ನಡುವೆ ಇದ್ದೂ ಕಾಣದಂತಿರಬೇಕು, ಬಳಗವನ್ನು ಅಪಾಯಕ್ಕೆ ಒಡ್ಡಬಾರದು. ಕಥೆಯ ಆರಂಭದಲ್ಲಿಯೇ ಗರ್ವಿಷ್ಠನಾದ ಅಲ್ತಾಯಿರನು ಈ ಮೂರನ್ನೂ ಮುರಿಯುತ್ತಾನೆ. ಹಾದಿಗೆ ಅಡ್ಡಬಂದ ಮುದುಕನೊಬ್ಬನನ್ನು ಸುಮ್ಮನೆ ಇರಿದು ಕೊಲ್ಲುತ್ತಾನೆ. ಗುರು ಅವನ ಪದವಿಯನ್ನೂ ಆಯುಧಗಳನ್ನೂ ಕಿತ್ತುಕೊಂಡು, ಒಂಬತ್ತು ಹೆಸರುಗಳನ್ನು ಕೊಡುತ್ತಾನೆ. ಒಂದೊಂದು ಕೊಲೆಗೂ ಕಳೆದುಕೊಂಡದ್ದು ಒಂದೊಂದಾಗಿ ಮರಳುತ್ತದೆ. ಹಾಗಾದರೆ ನಾಯಕನ ಸಂಕಲ್ಪವೇನು? ಲೋಕಹಿತವೇ? ಅಲ್ಲ, ಕಳೆದುಹೋದ ಸ್ಥಾನಮಾನ. ಖಳರು ಸಾಯುವಾಗ ಆಡುವ ಮಾತುಗಳೊಡನೆ ಹೋಲಿಸಿದರೆ, ಬರಿಯ ಸಂಕಲ್ಪದ ತಕ್ಕಡಿಯಲ್ಲಿ ತೂಗಿದಾಗ ನಾಯಕನ ತಟ್ಟೆಯೇ ಮೇಲೇಳುತ್ತದೆ. ನಮ್ಮ ಶಿಷ್ಯರಿಗೆ ಕಸಿವಿಸಿಯಾದದ್ದು ಸಹಜವೇ.

ಏಕರ್ ಪಟ್ಟಣದ ಗಾರ್ನಿಯೆ ಎಂಬವನ ವಿಷಯಕ್ಕೆ ಬರೋಣ. ಈತ ಹಾಸ್ಪಿಟಲರ್ ಎಂಬ ಸೇವಾದೀಕ್ಷಿತ ಯೋಧರ ಸಂಘದ ಮುಖ್ಯಸ್ಥ; ಆಸ್ಪತ್ರೆಯೊಂದನ್ನು ನಡೆಸುತ್ತಾನೆ. ಅಲ್ಲಿರುವವರು ಬುದ್ಧಿಭ್ರಮಣೆಯಾದವರು, ದಿಕ್ಕಿಲ್ಲದವರು. ನಾವು ಅವನನ್ನು ಮೊದಲು ಕಾಣುವಾಗ ಒಬ್ಬ ರೋಗಿ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದಿರುತ್ತಾನೆ. ಗಾರ್ನಿಯೆ ಅವನನ್ನು ಮಗುವಿನಂತೆ ಸಂತೈಸುತ್ತ ಮಾತನಾಡಿ, ಅವನು ಮತ್ತೆ ಓಡದಂತೆ ಎರಡೂ ಕಾಲುಗಳನ್ನು ಮುರಿಸುತ್ತಾನೆ. ಅಲಗು ತಗುಲಿ ಕೆಳಗೆ ಬಿದ್ದ ಮೇಲೆ ಅವನು ಕೇಳುವ ಮೊದಲ ಪ್ರಶ್ನೆ ತನ್ನ ಮಕ್ಕಳ ಗತಿಯೇನು ಎಂಬುದು. ಅವರು ತಮ್ಮ ಮನೆಗಳಿಗೆ ಹೋಗುವರೆಂದು ಅಲ್ತಾಯಿರ್ ಹೇಳಿದರೆ, ಯಾವ ಮನೆ ಎಂದು ಗಾರ್ನಿಯೆ ಮರುಪ್ರಶ್ನೆ ಹಾಕುತ್ತಾನೆ. ಅವರನ್ನು ಎತ್ತಿ ತಂದದ್ದು ಚರಂಡಿಗಳಿಂದ, ಸೂಳೆಗೇರಿಗಳಿಂದ, ಸೆರೆಮನೆಗಳಿಂದ. ಅವರ ಇಚ್ಛೆಗೆ ವಿರುದ್ಧವಾಗಿ ತಂದೆಯಲ್ಲಾ ಎಂದರೆ, ಬೆಂಕಿಯೊಡನೆ ಆಡುತ್ತೇನೆಂದು ಮಗು ಅತ್ತರೆ ತಂದೆಯಾದವನು ಒಪ್ಪಿಬಿಡುತ್ತಾನೆಯೇ ಎನ್ನುತ್ತಾನೆ.

ವಾಚಕ ಮಹಾಶಯರೇ, ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ನಮ್ಮ ಪ್ರಸಾದ ನಿಲಯಗಳಲ್ಲಿ ಬೆಳಗಿನ ಐದು ಗಂಟೆಗೆ ಹುಡುಗರನ್ನು ಎಬ್ಬಿಸುತ್ತೇವೆ. ಅವರಲ್ಲಿ ಒಬ್ಬನಿಗೂ ಏಳುವ ಇಚ್ಛೆಯಿರುವುದಿಲ್ಲ. ಪ್ರಾರ್ಥನೆಗೆ ಕೂರಿಸುತ್ತೇವೆ, ಸಂಜೆ ಪಟ್ಟಣಕ್ಕೆ ಹೋಗದಂತೆ ತಡೆಯುತ್ತೇವೆ. ಅವರ ಹಿತಕ್ಕಾಗಿ ಎಂದೇ ಹೇಳುತ್ತೇವೆ. ಹಾಗಿದ್ದರೆ ಪ್ರಸಾದ ನಿಲಯಕ್ಕೂ ಗಾರ್ನಿಯೆಯ ಆಸ್ಪತ್ರೆಗೂ ಭೇದವೇನು? ಸಂಕಲ್ಪದಲ್ಲಿ ಭೇದವಿದೆಯೆಂದು ಹೇಳಿದರೆ ಸಾಲದು, ಏಕೆಂದರೆ ಗಾರ್ನಿಯೆಯೂ ತನ್ನ ಸಂಕಲ್ಪ ಶುದ್ಧವೆಂದೇ ಸಾಯುತ್ತಾನೆ, ಮತ್ತು ಅವನು ಸುಳ್ಳು ಹೇಳುತ್ತಿದ್ದಾನೆಂದು ಆಟ ಎಲ್ಲಿಯೂ ಸೂಚಿಸುವುದಿಲ್ಲ. ಭೇದವಿರುವುದು ಬಾಗಿಲಿನಲ್ಲಿ. ನಮ್ಮ ಹುಡುಗನು ತಂದೆಗೆ ಪತ್ರ ಬರೆಯಬಹುದು, ತಂದೆ ಬಂದು ಕರೆದುಕೊಂಡು ಹೋಗಬಹುದು, ಹೋದವರು ಅನೇಕರಿದ್ದಾರೆ. ಹೋಗದೆ ಉಳಿದವನು ದೊಡ್ಡವನಾಗಿ ಒಂದು ದಿನ ಬಂದು, “ಬುದ್ಧಿ, ಅಂದು ತಾವು ಮಾಡಿದ್ದು ಸರಿಯಲ್ಲ” ಎಂದು ಎದುರು ನಿಂತು ಹೇಳಬಹುದು. ಹಾಗೆ ಹೇಳಿದವರೂ ಇದ್ದಾರೆ. ಅವರು ಇಂದಿಗೂ ಮಠಕ್ಕೆ ಬರುತ್ತಾರೆ. ಗಾರ್ನಿಯೆಯಾದರೋ ಬಾಗಿಲಿನ ಕಡೆಗೆ ಹೋದವನ ಕಾಲನ್ನೇ ಮುರಿದನು. ಹಿತವು ಹಿಂಸೆಯಾಗುವುದು ಅಲ್ಲಿ.

ಬಾಗಿಲು ತೆರೆದಿದೆಯೇ ಎಂಬ ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಉಳಿದವರನ್ನೂ ನೋಡಬಹುದು. ಜೆರುಸಲೇಮಿನ ತಲಾಲ್ ಗುಲಾಮರ ವ್ಯಾಪಾರಿಯೆಂದು ಪ್ರಸಿದ್ಧ. ಸಾಯುವಾಗ ಅವನು ಹೇಳುವುದು ಬೇರೆ. ತಾನು ಹಿಡಿದದ್ದು ಭಿಕ್ಷುಕರನ್ನು, ವೇಶ್ಯೆಯರನ್ನು, ವ್ಯಸನಿಗಳನ್ನು, ಕುಷ್ಠರೋಗಿಗಳನ್ನು. ಇಂಥವರನ್ನು ಯಾವ ಸಂತೆಯಲ್ಲಿ ಯಾರು ಕೊಳ್ಳುತ್ತಾರೆ? ಮಾರುವುದಕ್ಕಲ್ಲ, ಉಳಿಸುವುದಕ್ಕಾಗಿ ಹಿಡಿದೆ ಎನ್ನುತ್ತಾನೆ. ಉಳಿಸುವವನು ಬೋನಿನಲ್ಲಿ ಏಕೆ ಇಟ್ಟನೆಂಬುದಕ್ಕೆ ಅವನಲ್ಲಿ ಉತ್ತರವಿಲ್ಲ. ಆದರೂ ಅವನು ಕೊನೆಗೆ ಎಸೆಯುವ ಒಂದು ಮಾತು ಅಲ್ತಾಯಿರನಿಗೂ ಉತ್ತರಿಸಲಾಗದು: ನೀನು ನಮ್ಮನ್ನು ಕೊಲ್ಲುತ್ತಿರುವುದು ಹಾಗೆ ಮಾಡೆಂದು ಯಾರೋ ಹೇಳಿದರೆಂಬ ಒಂದೇ ಕಾರಣಕ್ಕೆ. ಈ ಮಾತಿಗೆ ಮುಂದೆ ಮರಳಿ ಬರಬೇಕಾಗಿದೆ.

ಯಾರು ಪ್ರೌಢರು, ಯಾರು ಮಕ್ಕಳು ಎಂದು ನಿರ್ಣಯಿಸುವ ಅಧಿಕಾರ ಯಾರದು? ಪಶ್ಚಿಮದ ಸ್ವಾತಂತ್ರ್ಯಚಿಂತಕರಲ್ಲಿ ಅಗ್ರಗಣ್ಯನಾದ ಜಾನ್ ಸ್ಟುವರ್ಟ್ ಮಿಲ್ಲನು, ಮನುಷ್ಯನ ಸ್ವಂತ ಹಿತಕ್ಕಾಗಿಯೇ ಆದರೂ ಅವನನ್ನು ಬಲಾತ್ಕರಿಸಬಾರದೆಂದು 1859ರಲ್ಲಿ ಬರೆದನು. ಆದರೆ ಹಿಂದುಳಿದ ಸಮಾಜಗಳಿಗೆ ಈ ನಿಯಮ ಅನ್ವಯಿಸದೆಂದು ಅಲ್ಲಿಯೇ ಹೊರತುಪಡಿಸಿದನು. ಆತ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದವನು. ಹಾಗೆ ಹೊರಗಿಟ್ಟವರಲ್ಲಿ ನಮ್ಮ ತಾತ ಮುತ್ತಾತಂದಿರೂ ಸೇರಿದ್ದರೆಂಬುದನ್ನು ನೆನೆದರೆ, ತಲಾಲನ ಬೋನು ಅಷ್ಟೇನೂ ದೂರದ್ದೆನಿಸದು.

ಡಮಾಸ್ಕಸಿನ ಜುಬೈರ್ ಎಂಬ ಪಂಡಿತನ ಪ್ರಸಂಗ ಗ್ರಂಥಪ್ರಿಯರಾದ ನಮಗೆ ಮನಸ್ಸು ಕಲಕುವಂಥದು. ಅವನು ಪಟ್ಟಣದ ಗ್ರಂಥಗಳನ್ನೆಲ್ಲ ರಾಶಿ ಹಾಕಿ ಸುಡುತ್ತಾನೆ. ಅವನು ಮೂರ್ಖನಲ್ಲ, ವಿದ್ವಾಂಸ. ಈ ಯುದ್ಧ ಹುಟ್ಟಿದ್ದೇ ಗ್ರಂಥಗಳಿಂದ, ಬರೆದಿಟ್ಟ ಮಾತಿಗಾಗಿ ಸಾವಿರಾರು ಜನ ಸಾಯುತ್ತಿದ್ದಾರೆ, ಮೂಲವನ್ನೇ ಸುಟ್ಟರೆ ಯುದ್ಧವೇ ಇರದು ಎಂಬುದು ಅವನ ತರ್ಕ. ಎರಡು ಮತಗಳ ಗ್ರಂಥಗಳ ಹೆಸರಿನಲ್ಲಿ ಒಂದು ದೇಶವೇ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ಈ ತರ್ಕ ಯಾರಿಗೂ ಹೊಳೆಯಬಾರದೆಂದೇನೂ ಇಲ್ಲ. ಆದರೆ ಪುಸ್ತಕಗಳನ್ನು ಸುಡುವುದು ಸಲ್ಲದೆಂದು ಒಬ್ಬ ವಿದ್ವಾಂಸನು ವಿರೋಧಿಸಿದಾಗ, ಅವನನ್ನೂ ಅದೇ ಬೆಂಕಿಗೆ ನೂಕಿದನು. ಜನ ಸಾಯಬಾರದೆಂದು ಪುಸ್ತಕ ಸುಡಲು ಹೊರಟವನು ಪುಸ್ತಕಕ್ಕಾಗಿ ಮನುಷ್ಯನನ್ನು ಸುಟ್ಟನು. ಸಂಕಲ್ಪವು ತನ್ನನ್ನು ತಾನೇ ನುಂಗಿದ ಗಳಿಗೆಯದು.

ಅಬುಲ್ ನುಕೂದ್ ಎಂಬವನು ಡಮಾಸ್ಕಸಿನ ಅತ್ಯಂತ ಶ್ರೀಮಂತ ವರ್ತಕ. ಔತಣಕ್ಕೆ ಕರೆದು ಅತಿಥಿಗಳಿಗೆ ವಿಷದ ಮದ್ಯ ಕುಡಿಸಿ ಕೊಲ್ಲಿಸುತ್ತಾನೆ. ಅವನ ಸ್ವಭಾವವನ್ನು, ರೂಪವನ್ನು ಊರಿನವರೆಲ್ಲ ಹೇಸಿ ಹಂಗಿಸಿದ್ದರು. ತನ್ನನ್ನು ಹೇಯವೆಂದು ಕರೆಯುವ ದೇವರ ಹೆಸರಿನ ಯುದ್ಧಕ್ಕೆ ತಾನೇಕೆ ಹಣ ಕೊಡಬೇಕೆಂದು ಅವನು ಕೇಳುತ್ತಾನೆ. ಈ ಒಂಬತ್ತರಲ್ಲಿ ನಮಗೆ ಹೆಚ್ಚು ನೋವು ತಂದ ಮಾತು ಇದು. ಒಬ್ಬ ಮನುಷ್ಯನನ್ನು ಅವನು ಹುಟ್ಟಿದ ರೀತಿಗಾಗಿ ಹೀಯಾಳಿಸಿ, ಅನಂತರ ಅವನು ವಿಷವಾದನೆಂದು ಬೆರಗಾಗುವ ಸಮಾಜಗಳು ಡಮಾಸ್ಕಸಿನಲ್ಲಿ ಮಾತ್ರವೇ ಇರಲಿಲ್ಲ. ವಿಷ ಕುಡಿಸಿದ್ದು ಅಪರಾಧವೇ. ಹಾಗಿದ್ದರೂ ವಿಷದ ಮೊದಲ ಹನಿಯನ್ನು ಬೆರೆಸಿದವರು ಆ ಅತಿಥಿಗಳೇ ಎಂಬುದನ್ನು ಕೇಳುಗನು ಮರೆಯಲಾರನು.

ಜೆರುಸಲೇಮಿನಲ್ಲಿ ಸಲಾದಿನನ ಗೈರುಹಾಜರಿಯಲ್ಲಿ ತಾನೇ ಅಧಿಕಾರ ಹಿಡಿದು, ನಿತ್ಯ ಜನರನ್ನು ಬಹಿರಂಗವಾಗಿ ವಧಿಸುವ ಮಜ್ದ್ ಅದ್ದೀನನು ಇವರೆಲ್ಲರಿಗಿಂತ ಬೇರೆ. ಯಾವ ಸದುದ್ದೇಶವನ್ನೂ ಮುಂದೊಡ್ಡದೆ, ಇನ್ನೊಬ್ಬನ ಪ್ರಾಣ ತನ್ನ ಕೈಯಲ್ಲಿರುವುದರ ಸುಖಕ್ಕಾಗಿ ಕೊಂದೆನೆಂದು ಒಪ್ಪಿಕೊಳ್ಳುತ್ತಾನೆ. ಇವನನ್ನು ನೋಡುವಾಗ ಮನಸ್ಸಿಗೆ ಒಂದು ಬಗೆಯ ಸಮಾಧಾನವಾಗುತ್ತದೆಂದು ಶಿಷ್ಯರು ಹೇಳಿದರು. ಕೊಂದದ್ದಕ್ಕೆ ಪಶ್ಚಾತ್ತಾಪ ಪಡಬೇಕಾಗಿಲ್ಲವಲ್ಲ! ಆದರೆ ಸತ್ತವರ ಕಡೆಯಿಂದ ನೋಡಿದರೆ, ಸುಖಕ್ಕಾಗಿ ಕೊಂದವನೂ ಹಿತಕ್ಕಾಗಿ ಕೊಂದವನೂ ಒಂದೇ. ನಮಗೆ ಸಮಾಧಾನವಾಗುವುದು ನಮ್ಮ ಅನುಕೂಲಕ್ಕಾಗಿ. ಖಳನು ಪೂರ್ಣ ಖಳನಾಗಿದ್ದರೆ ನಮ್ಮ ಕೈ ಹಗುರವಾಗುತ್ತದೆ.

ಕನ್ನಡಿಗರಿಗೆ ಪ್ರತಿನಾಯಕನ ಹಿರಿಮೆ ಹೊಸದಲ್ಲ. ನಾಗಚಂದ್ರನ ರಾವಣನು ಸೀತೆಯ ದೃಢತೆಯನ್ನು ಕಂಡು ಕರಗುತ್ತಾನೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ ತನ್ನವರಿಗಾಗಿ ಅಳುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಆ ದುರ್ಯೋಧನನು ತಾನು ಮಾಡಿದ್ದು ಸರಿಯೆಂದು ವಾದಿಸಿದ್ದರಿಂದ ದೊಡ್ಡವನಾದವನಲ್ಲ, ಅತ್ತದ್ದರಿಂದ ದೊಡ್ಡವನಾದವನು. ಈ ಆಟದ ಖಳರು ಬಹುಮಟ್ಟಿಗೆ ವಾದ ಮಾಡುತ್ತಾರೆ. ತಾನು ಸಾಯುವಾಗಲೂ ಇನ್ನೊಬ್ಬರ ಗತಿಯನ್ನು ಕೇಳುವವನು ಗಾರ್ನಿಯೆಯೊಬ್ಬನೇ. ಕಾಲು ಮುರಿಸಿದವನೂ ಅವನೇ. ಈ ಎರಡೂ ಒಬ್ಬನಲ್ಲಿಯೇ ಇರುವುದು ಸಾಧ್ಯವೆಂಬುದನ್ನು ನಂಬಲು ಮನಸ್ಸು ಹಿಂದೆಗೆಯುತ್ತದೆ. ಆದರೆ ಲೋಕದಲ್ಲಿ ಬಹಳ ಕಾಲ ಬಾಳಿದವರಿಗೆ ಅದು ಹೊಸ ಸಂಗತಿಯೇನಲ್ಲ.

ಖಳನೆಂಬ ಹೆಸರು ಯಾರಿಗೆ ಅಂಟುತ್ತದೆ, ಯಾರಿಗೆ ಅಂಟುವುದಿಲ್ಲ ಎಂಬುದಕ್ಕೆ ಈ ಆಟವೇ ಒಂದು ನಿದರ್ಶನ ಒದಗಿಸುತ್ತದೆ. ಏಕರ್ ಪಟ್ಟಣವನ್ನು ಆಳುವ ಮಾಂಟ್‌ಫೆರಾತಿನ ವಿಲಿಯಮ್ ಎಂಬವನೂ ಒಂಬತ್ತರಲ್ಲಿ ಒಬ್ಬ. ಆಟದಲ್ಲಿ ರಿಚರ್ಡ್ ದೊರೆ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ಸೆರೆಯಾಳುಗಳ ವಿನಿಮಯಕ್ಕೆಂದು ಇಟ್ಟಿದ್ದ ಮೂರು ಸಾವಿರ ಮಂದಿಯನ್ನು ವಿಲಿಯಮ್ ಕೊಲ್ಲಿಸಿಬಿಟ್ಟನಂತೆ. ದೊರೆ ನೊಂದವನಂತೆ ಕಾಣುತ್ತಾನೆ, ನಮ್ಮ ಕೋಪ ವಿಲಿಯಮನ ಮೇಲೆ ತಿರುಗುತ್ತದೆ. ಇತಿಹಾಸ ಬೇರೆಯೇ ಹೇಳುತ್ತದೆ. ಏಕರ್ ಪಟ್ಟಣ 1191ರ ಜುಲೈ 12ರಂದು ಶರಣಾಯಿತು. ಆಗಸ್ಟ್ 20ರಂದು ಸುಮಾರು 2,700 ಮಂದಿ ಸೆರೆಯಾಳುಗಳನ್ನು ಸಲಾದಿನನ ಸೇನೆ ನೋಡುತ್ತಿರುವಂತೆಯೇ ಕೊಲ್ಲಲಾಯಿತು. ಅಪ್ಪಣೆ ಕೊಟ್ಟವನು ರಿಚರ್ಡನೇ. ಇತಿಹಾಸದ ವಿಲಿಯಮನು ಹತ್ತೀನ್ ಯುದ್ಧದಲ್ಲಿ 1187ರಲ್ಲಿ ಸೆರೆಸಿಕ್ಕಿ, ಮರುವರ್ಷ ಬಿಡುಗಡೆಯಾಗಿ, 1191ರಲ್ಲಿ ಟೈರ್ ಪಟ್ಟಣದಲ್ಲಿ ತೀರಿಕೊಂಡ ಮುದುಕ. ಹಂತಕರ ಕೈಯಲ್ಲಿ ಸತ್ತವನು ಅವನ ಮಗ ಕಾನ್ರಾಡ್, ಟೈರ್ ಪಟ್ಟಣದ ಬೀದಿಯಲ್ಲಿ, 1192ರ ಏಪ್ರಿಲ್ 28ರಂದು. ಆ ಕೊಲೆ ಮಾಡಿಸಿದವರು ಯಾರು, ರಿಚರ್ಡನೋ, ಸಲಾದಿನನೋ, ಹಂತಕರ ಮುಖಂಡನು ತನ್ನ ಸ್ವಂತ ಕಾರಣಕ್ಕೋ ಎಂದು ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಕಥೆಗಾರರಿಗೆ ಸ್ವಾತಂತ್ರ್ಯವುಂಟು, ಒಪ್ಪೋಣ. ಆದರೂ ನೋಡಿ: ಸಾವಿರಾರು ಕೊರಳುಗಳ ಭಾರವನ್ನು ಕೀರ್ತಿವಂತ ದೊರೆಯ ಹೆಗಲಿನಿಂದ ಇಳಿಸಿ, ತನ್ನ ಪರವಾಗಿ ಮಾತಾಡುವವರಿಲ್ಲದ ಮುದುಕನೊಬ್ಬನ ಹೆಗಲ ಮೇಲೆ ಇಟ್ಟಾಗ ಖಳನೊಬ್ಬನು ಸಿದ್ಧನಾದನು. ಆಟದ ವಿಲಿಯಮನ ಮೇಲಿರುವ ಇನ್ನೊಂದು ಆರೋಪ ಜನರ ಧಾನ್ಯ ಕಸಿದು ಕೂಡಿಟ್ಟನೆಂಬುದು. ಬರಗಾಲಕ್ಕೆಂದು ಕೂಡಿಟ್ಟೆ, ಜನರಿಗೆ ಶಿಸ್ತು ಕಲಿಸಿದೆ ಎನ್ನುತ್ತಾನೆ ಅವನು. ಇದ್ದರೂ ಇರಬಹುದು. ಆದರೆ ಕಣಜದ ಬೀಗದ ಕೈ ಹಸಿದವರಲ್ಲಿ ಒಬ್ಬನ ಕೈಯಲ್ಲಿಯೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಕೊಲ್ಲುವವನ ಕಡೆಗೆ ತಿರುಗಬೇಕು. ಈ ಖಳರು ಮಾತಾಡುವುದು ಯಾವಾಗ? ಇರಿತ ಬಿದ್ದ ಮೇಲೆ. ಲೋಕದ ಯಾವ ನ್ಯಾಯಪೀಠದಲ್ಲಿಯಾದರೂ ಮೊದಲು ವಿಚಾರಣೆ, ಆಮೇಲೆ ಶಿಕ್ಷೆ. ಇಲ್ಲಿ ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ಅಲ್ತಾಯಿರನು ಕೊಲೆಗೆ ಮುನ್ನ ಬಹಳ ಶೋಧಿಸುತ್ತಾನೆ, ನಿಜ. ಆದರೆ ಶೋಧಿಸುವುದೆಲ್ಲ ಆ ಮನುಷ್ಯನ ಬಗ್ಗೆ ಇತರರು ಹೇಳುವುದನ್ನು. ಅವನನ್ನೇ ಕೇಳುವುದಿಲ್ಲ. ಕೇಳಿದಾಗ ಉತ್ತರದಿಂದ ಪ್ರಯೋಜನವಿಲ್ಲದಂತಾಗಿರುತ್ತದೆ. ಬಾಗಿಲು ಮುಚ್ಚಿದವರೆಂದು ನಾವು ಈ ಖಳರನ್ನು ದೂರಿದೆವು. ಮರಣದಂಥ ಮುಚ್ಚಿದ ಬಾಗಿಲು ಇನ್ನಾವುದಿದೆ? ತಪ್ಪು ಮಾಡಿದವನು ತಿದ್ದಿಕೊಳ್ಳಬಹುದೆಂಬ ಒಂದು ಸಾಧ್ಯತೆಯನ್ನು ಉಳಿಸಿಕೊಂಡೇ ನಮ್ಮ ಧರ್ಮವೂ ಅನ್ಯ ಧರ್ಮಗಳೂ ನಿಂತಿವೆ. ಅಲಗು ಆ ಸಾಧ್ಯತೆಯನ್ನೇ ಕತ್ತರಿಸುತ್ತದೆ.

ಕೊಲ್ಲದೆ ಬಿಡುವ ಅವಕಾಶವಿದ್ದರೆ ಎಲ್ಲ ಸರಿಹೋಗುತ್ತದೆಂದು ಭಾವಿಸುವುದೂ ಸುಲಭವಲ್ಲ. ‘ಡಿಸ್‌ಆನರ್ಡ್’ ಎಂಬ 2012ರ ಇನ್ನೊಂದು ಹಂತಕರ ಆಟದಲ್ಲಿ ಯಾರನ್ನೂ ಕೊಲ್ಲದೆ ಕಥೆ ಮುಗಿಸಬಹುದಂತೆ. ಅದರಲ್ಲಿ ಗಣಿಗಳ ಮಾಲೀಕರಾದ ಅವಳಿ ಸೋದರರನ್ನು ಕೊಲ್ಲುವ ಬದಲು, ನಾಲಗೆ ಕತ್ತರಿಸಿ ಅವರದೇ ಗಣಿಯಲ್ಲಿ ಕೂಲಿಗಳನ್ನಾಗಿ ಹಾಕಿಸಬಹುದು. ಇದನ್ನು ಆಟವು ದಯೆಯ ಲೆಕ್ಕಕ್ಕೆ ಹಾಕುತ್ತದೆ.

ಒಂಬತ್ತು ಮಂದಿಗೆ ಸಾಯುವಾಗ ಮಾತು ಸಿಕ್ಕಿತು. ಪಹರೆಯ ಸಿಪಾಯಿಗಳಿಗೆ? ಆಟದಲ್ಲಿ ಸಾಮಾನ್ಯ ನಾಗರಿಕನನ್ನು ಕೊಂದರೆ ಆಡುವವನ ಬಲ ಕುಗ್ಗುತ್ತದೆ, ಇದು ವ್ರತಭಂಗವೆಂಬ ಎಚ್ಚರಿಕೆ ಬರುತ್ತದೆ. ಸಿಪಾಯಿಯನ್ನು ಕೊಂದರೆ ಏನೂ ಆಗುವುದಿಲ್ಲ. ಒಂದು ಸಂಜೆಯಲ್ಲಿಯೇ ಶಿಷ್ಯರು ಅಂಥ ನಲವತ್ತು ಐವತ್ತು ಮಂದಿಯನ್ನು ಕೆಡವಿದರು. ಸಂಬಳಕ್ಕಾಗಿ ಬಾಗಿಲಲ್ಲಿ ನಿಂತ ಆ ಮನುಷ್ಯರು ಏಕೆ ನಿಂತಿದ್ದರು, ಮನೆಯಲ್ಲಿ ಯಾರಿದ್ದರು ಎಂದು ಯಾರೂ ಹೇಳುವುದಿಲ್ಲ. ದೊಡ್ಡವರ ಸಂಕಲ್ಪಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಚಿಂತಿಸುವ ಆಟವು ಚಿಕ್ಕವರ ವಿಷಯದಲ್ಲಿ ಮೂಕವಾಗುತ್ತದೆ.

ಇದಕ್ಕಿಂತಲೂ ನಮ್ಮನ್ನು ತಡೆದು ನಿಲ್ಲಿಸಿದ್ದು ಬೀದಿಯ ಭಿಕ್ಷುಕಿಯರು. ಆ ಪಟ್ಟಣಗಳಲ್ಲಿ ನಡೆಯುವಾಗ ಭಿಕ್ಷೆ ಬೇಡುವ ಹೆಂಗಸರು ಅಡ್ಡಬಂದು, ತಮ್ಮ ಬಡತನವನ್ನು ಹೇಳಿಕೊಳ್ಳುತ್ತ ಬೆನ್ನು ಬಿಡುವುದಿಲ್ಲ. ಬುದ್ಧಿಭ್ರಮಣೆಯಾದವರು ಇದ್ದಕ್ಕಿದ್ದಂತೆ ಬಂದು ನೂಕುತ್ತಾರೆ. ಇದರಿಂದ ಗುಟ್ಟು ರಟ್ಟಾಗುವ ಭಯ. ಅವರಿಗೆ ಕೊಡಲು ಅಲ್ತಾಯಿರನ ಕೈಯಲ್ಲಿ ಒಂದು ಕಾಸೂ ಇಲ್ಲ. ಕೊಡುವ ಅವಕಾಶವನ್ನೇ ಆಟ ಇಟ್ಟಿಲ್ಲ. ತಳ್ಳಬಹುದು, ಹೊಡೆಯಬಹುದು. ಸೌಮ್ಯಸ್ವಭಾವದ ನಮ್ಮ ಶಿಷ್ಯರೇ ಎರಡು ಸಲ ಒಬ್ಬಳನ್ನು ನೆಲಕ್ಕೆ ಕೆಡವಿ ಮುಂದೆ ಹೋದರು. ಗಾರ್ನಿಯೆಯೂ ತಲಾಲನೂ ಯಾರ ಮಾತನ್ನು ಆಡುತ್ತಿದ್ದರು? ಇವರದೇ. ಭಿಕ್ಷುಕರ ಹಿತವನ್ನು ಬಲಾತ್ಕಾರದಿಂದ ಸಾಧಿಸಹೊರಟವನನ್ನು, ಭಿಕ್ಷುಕಿಯನ್ನು ಬೀದಿಯಲ್ಲಿ ಕೆಡವಿ ಬಂದವನು ಸ್ವಾತಂತ್ರ್ಯದ ಹೆಸರಿನಲ್ಲಿ ಕೊಲ್ಲುತ್ತಾನೆ. ಆಟವನ್ನು ರಚಿಸಿದವರು ಇದನ್ನು ಯೋಚಿಸಿ ಇಟ್ಟರೋ, ಆಟಕ್ಕೆ ತೊಡಕಿರಲೆಂದು ಇಟ್ಟರೋ, ಅದು ಬೇರೆ ಮಾತು. ನಡೆದದ್ದಂತೂ ಇದು.

ವೇಷದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಪಹರೆಯವರ ಕಣ್ಣು ತಪ್ಪಿಸಲು ಅಲ್ತಾಯಿರನು ಬಿಳಿಯ ನಿಲುವಂಗಿ ತೊಟ್ಟ ಪಂಡಿತರ ಗುಂಪಿನಲ್ಲಿ ತಲೆಬಾಗಿ, ಕೈಜೋಡಿಸಿ ನಡೆಯುತ್ತಾನೆ. ಮುಂದೆ ಏಕರ್ ಬಂದರಿನಲ್ಲಿ, ಹಂತಕರ ಭಯದಿಂದ ನಿದ್ದೆಗೆಟ್ಟ ಸಿಬ್ರಾಂಡ್ ಎಂಬ ಯೋಧನಾಯಕನು, ಬಿಳಿಯ ನಿಲುವಂಗಿಯ ನಿರಪರಾಧಿಯಾದ ಧರ್ಮಸೇವಕನೊಬ್ಬನನ್ನು ಹಂತಕನೆಂದು ಬಗೆದು ಕೊಂದುಬಿಡುತ್ತಾನೆ. ಆ ಕೊಲೆಯ ಪಾಪ ಸಿಬ್ರಾಂಡನದೇ. ಆದರೆ ಸಾಧುವಿನ ಬಟ್ಟೆಯನ್ನು ಸಂಶಯಕ್ಕೆ ಈಡುಮಾಡಿದವನು ಯಾರು? ಕಾವಿಯುಟ್ಟವರಾದ ನಮಗೆ ಈ ದೃಶ್ಯ ಬೇಗನೆ ಮರೆಯಲಾಗಲಿಲ್ಲ.

ಈಗ ತಲಾಲನ ಮಾತಿಗೆ ಬರೋಣ: ಯಾರೋ ಹೇಳಿದರೆಂದು ಕೊಲ್ಲುತ್ತೀಯೆ. ಹೇಳಿದವನು ಗುರು. ಆದ್ದರಿಂದ ಈ ಪ್ರಸಂಗ ನಮ್ಮ ಮಠದ ಅಂಗಳಕ್ಕೂ ಬರುತ್ತದೆ. ಒಂದೊಂದು ಕೊಲೆಯ ಅನಂತರವೂ ಅಲ್ತಾಯಿರನು ಗೊಂದಲದಿಂದ ಹಿಂದಿರುಗಿ, ಸತ್ತವನು ಹೀಗೆಂದನಲ್ಲ, ಏಕೆ ಎಂದು ಕೇಳುತ್ತಾನೆ. ಅಲ್ ಮುಅಲಿಮನು ಮೊದಮೊದಲು ಗದರಿಸುತ್ತಾನೆ. ಆಮೇಲೆ ಅರ್ಧ ಸತ್ಯ ಹೇಳುತ್ತಾನೆ. ಶಿಷ್ಯನ ಪ್ರಶ್ನೆಗಳು ಬೆಳೆಯುತ್ತ ಹೋಗುತ್ತವೆ. ಜೆರುಸಲೇಮಿನ ಸ್ಮಶಾನದಲ್ಲಿ ರಾಬರ್ಟನೆಂಬ ಮುಖ್ಯ ವೈರಿಯೆಂದು ಭಾವಿಸಿ ಹಿಡಿದದ್ದು ಅವನ ವೇಷದಲ್ಲಿದ್ದ ಮಾರಿಯಾ ಎಂಬ ಹೆಂಗಸನ್ನು ಎಂದು ತಿಳಿದಾಗ, ತನ್ನ ಪಟ್ಟಿಯಲ್ಲಿ ಅವಳಿಲ್ಲವೆಂದು ಬಿಟ್ಟುಬಿಡುತ್ತಾನೆ. ಕಥೆಯ ಆರಂಭದಲ್ಲಿ ಮುದುಕನನ್ನು ಇರಿದವನು ಇವನೇ. ಈ ಬದಲಾವಣೆಯನ್ನು ತಂದವನು ಗುರುವಲ್ಲ, ಸತ್ತವರ ಮಾತುಗಳು.

ಕೊನೆಗೆ ಆರ್ಸುಫ್ ರಣರಂಗದಲ್ಲಿ ಸಾಯುವ ರಾಬರ್ಟನು ಗುಟ್ಟನ್ನು ಒಡೆಯುತ್ತಾನೆ. ಮನುಷ್ಯರ ಮನಸ್ಸನ್ನು ವಶಪಡಿಸಿಕೊಳ್ಳುವ ಒಂದು ಪ್ರಾಚೀನ ಗೋಳವನ್ನು ಕಂಡುಹಿಡಿದವರು ಒಂಬತ್ತು ಮಂದಿಯಲ್ಲ, ಹತ್ತು ಮಂದಿ. ಹತ್ತನೆಯವನು ಅಲ್ ಮುಅಲಿಮನೇ. ಅವನಿಗೂ ಬೇಕಾದದ್ದು ಶಾಂತಿ! ಜನರ ಇಚ್ಛಾಶಕ್ತಿಯನ್ನು ಕಿತ್ತುಹಾಕಿದರೆ ಜಗಳವೇ ಇರುವುದಿಲ್ಲವೆಂಬುದು ಅವನ ಸಿದ್ಧಾಂತ. ಪಾಲುದಾರರನ್ನು ಶಿಷ್ಯನ ಕೈಯಿಂದ ಮುಗಿಸಿದ್ದೂ ಅದಕ್ಕಾಗಿಯೇ. ಅಲ್ತಾಯಿರ್ ಮಸ್ಯಾಫಿಗೆ ಮರಳಿದಾಗ ಊರಿನವರು ಕಣ್ಣು ತೆರೆದಿದ್ದೂ ಏನನ್ನೂ ಕಾಣದವರಂತೆ ಗುರುವಿನ ಹೆಸರನ್ನು ಜಪಿಸುತ್ತ ನಿಂತಿರುತ್ತಾರೆ. ಅಲ್ಲಿ ನಿಜಕ್ಕೂ ಜಗಳವಿಲ್ಲ.

ಗುರುಭಕ್ತಿಯನ್ನು ಎತ್ತಿಹಿಡಿಯುವ ಪರಂಪರೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇವೆ. ಭಕ್ತಿ ಬೇಡವೆಂದು ನಾವು ಹೇಳಲಾರೆವು. ಆದರೆ ಪ್ರಶ್ನಿಸಲಾರದ ಶಿಷ್ಯರು ತುಂಬಿದ ಮಠವನ್ನು ನೋಡಿ ಸಂತೋಷಪಡುವ ಗುರುವಿಗೆ, ಮಸ್ಯಾಫಿನ ಆ ಬೀದಿಯನ್ನು ಒಮ್ಮೆ ತೋರಿಸಬೇಕು. ಶರಣರು ಕಟ್ಟಿದ ಅನುಭವ ಮಂಟಪದಲ್ಲಿ ಶೂನ್ಯಪೀಠವನ್ನೇರಿದವರನ್ನೂ ಎದುರು ನಿಂತು ಪ್ರಶ್ನಿಸುವ ಅವಕಾಶವಿತ್ತೆಂಬ ನೆನಪನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳುವುದಷ್ಟೇ ಆಗಿದೆಯೋ, ಆಚರಣೆಯಲ್ಲಿಯೂ ಇದೆಯೋ ಎಂಬುದನ್ನು ಪ್ರತಿಯೊಂದು ಮಠದ ಹಳೆಯ ವಿದ್ಯಾರ್ಥಿಗಳೇ ಚೆನ್ನಾಗಿ ಬಲ್ಲರು.

ಅಲ್ತಾಯಿರನ ಮನಸ್ಸನ್ನು ಮಾತ್ರ ಏಕೆ ವಶಪಡಿಸಿಕೊಳ್ಳಲಿಲ್ಲವೆಂಬ ಪ್ರಶ್ನೆಗೆ ಗುರು ಕೊಡುವ ಉತ್ತರ ವಿಚಿತ್ರವಾಗಿದೆ. ಯತ್ನಿಸಿದೆ, ಆಗಲಿಲ್ಲ; ನೀನು ಯಾರೆಂಬುದೂ ನೀನು ಏನು ಮಾಡುತ್ತೀಯೆಂಬುದೂ ಬಿಡಿಸಲಾರದಂತೆ ಹೆಣೆದುಕೊಂಡಿವೆ, ಒಂದನ್ನು ಕಿತ್ತರೆ ಇನ್ನೊಂದೂ ಉಳಿಯದು ಎಂಬರ್ಥದಲ್ಲಿ ಹೇಳುತ್ತಾನೆ. ಶಿಷ್ಯನಿಂದ ಉಪಯೋಗ ಪಡೆಯಬೇಕಾಗಿದ್ದುದರಿಂದಲೇ ಅವನ ಬಾಗಿಲನ್ನು ಗುರು ಮುಚ್ಚಲಾರದೆ ಹೋದನು. ಆ ಬಾಗಿಲಿನಿಂದಲೇ ಶಿಷ್ಯನು ಹಿಂದಿರುಗಿ ಬಂದು ಗುರುವನ್ನು ಕೊಂದನು. ಇದನ್ನಾದರೂ ಕೊನೆಯ ಕೊಲೆಯೆಂದು ಸಮರ್ಥಿಸಬಹುದೇ ಎಂದು ಶಿಷ್ಯರು ಕೇಳಿದರು. ಆ ಊರಿನ ಜನರೆಲ್ಲ ಮನಸ್ಸನ್ನು ಕಳೆದುಕೊಂಡು ನಿಂತಿದ್ದಾಗ, ಬೇರೆ ಉಪಾಯವಿತ್ತೆಂದು ಹೇಳುವುದು ಕಷ್ಟ. ಒಂಬತ್ತು ಮಂದಿಗೆ ಇಲ್ಲದ ಒಂದು ಇಲ್ಲಿ ಇತ್ತು: ಇರಿಯುವ ಮುನ್ನ ಗುರುಶಿಷ್ಯರು ಎದುರುಬದುರು ನಿಂತು ಬಹಳ ಹೊತ್ತು ವಾದಿಸಿದರು.

ಗುರುವಿನ ಕೈಯಿಂದ ಜಾರಿದ ಗೋಳ ನೆಲದ ಮೇಲೆ ಹೊಳೆಯುತ್ತಿರುತ್ತದೆ. ಅದನ್ನು ನಾಶಮಾಡೆಂದು ಸಾಯುತ್ತಿರುವ ಅಲ್ ಮುಅಲಿಮನೇ ಸವಾಲು ಹಾಕುತ್ತಾನೆ. ಅಲ್ತಾಯಿರ್ ತನ್ನಿಂದ ಆಗದೆನ್ನುತ್ತಾನೆ. ಆಗುವುದಿಲ್ಲವೆಂದಲ್ಲ, ನಿನಗೆ ಮನಸ್ಸಿಲ್ಲ ಎಂದು ಗುರು ತಿದ್ದುತ್ತಾನೆ. ಅದೇ ಅವನು ಕಲಿಸಿದ ಕಡೆಯ ಪಾಠ. ಅನಂತರ ಕಾಣುವುದು ಗುರುವಿನ ಶವ, ಸುತ್ತಲೂ ಎಚ್ಚೆತ್ತು ತಬ್ಬಿಬ್ಬಾದ ಹಂತಕರು, ಮತ್ತು ಆ ಗೋಳದ ಎದುರು ನಿಂತ ಶಿಷ್ಯ.